ಎಡಗಾಲು ಗಿಡ್ಡವಂತೆ

ಅಕ್ಟೋಬರ್ ೯, ಗುರುವಾರ. ಡೇವನ್‌ಪೋರ್ಟ್, ಅಮೆರಿಕ.

ಹಾಸ್ಟೆಲಿನಲ್ಲಿ ಬೆಳೆದವನಿಗೆ ಗೊತ್ತು, ಕೇಳದೆ ತಿಂಡಿ ಕೊಡುವವನಿಗೆ ಏನೋ ಬೇಕಾಗಿರುತ್ತೆ. ಕಡೇ ವರ್ಷದ ವಾಂಕ್ ಒಂದು ವಾರದಿಂದ ನನಗೆ ಆಪಲ್ ಪೈ ತಂದುಕೊಡುತ್ತಿದ್ದ. ಇವತ್ತು ಕಾಲೇಜಿನ ಕ್ಲಿನಿಕ್ಕಿನಲ್ಲಿ ಬೋರಲು ಮಲಗಿಸಿ, ಹಿಮ್ಮಡಿಗಳನ್ನು ಜೋಡಿಸಿ ನೋಡಿದ.

"ಎಡಗಾಲು ಅರ್ಧ ಇಂಚು ಗಿಡ್ಡ ಕಣೋ. ಬೆನ್ನುಮೂಳೆ ಸರಿ ಮಾಡ್ಬೇಕು. ನನ್ನ ಪೇಷೆಂಟ್ ಆಗ್ಬಿಡು."

"ನಿಂಗಿನ್ನೂ ಎಷ್ಟು ಜನ ಬೇಕು?"

"ಲೈಸೆನ್ಸಿಗೆ ಒಬ್ಬನೇ ಕಮ್ಮಿ. ಅದಕ್ಕೂ ನಿನ್ನ ಕಾಲಿಗೂ ಸಂಬಂಧ ಇಲ್ಲಪ್ಪ" ಅಂತ ನಕ್ಕ.

ತಿಂದ ಪೈ ನೆನಪಾಗಿ ಸಹಿ ಹಾಕಿಬಿಟ್ಟೆ. ಬೆನ್ನುಮೂಳೆ ಒತ್ತಿ ಸರಿಮಾಡುವ ಈ ಕೈರೋಪ್ರಾಕ್ಟಿಕ್ ವಿದ್ಯೆಯನ್ನು ನಂಬಿಕೊಂಡೇ ಅಮ್ಮ ಇರುವ ಇಂಗ್ಲೆಂಡ್ ಬಿಟ್ಟು, ಅವಳ ಜೊತೆ ಜಗಳವಾಡಿ ಇಲ್ಲಿಗೆ ಬಂದವನು ನಾನು. ಇದೇ ಸುಳ್ಳಾದರೆ?

ಕೋಣೆಗೆ ಬಂದು ಸೊಂಟದಿಂದ ಹಿಮ್ಮಡಿವರೆಗೆ ಟೇಪು ಹಿಡಿದು ಮೂರು ಸಲ ಅಳೆದೆ. ಎರಡೂ ಸಮ. ಆದರೆ ಊಟಕ್ಕೆ ಹೋಗುವಾಗ ನಾನು ಕುಂಟುತ್ತಿದ್ದೆ. ನಾಳೆ ವಾಂಕ್ ಎದುರಿಗೆ ನೆಟ್ಟಗೆ ನಡೆಯಬೇಕು, ಇಲ್ಲದಿದ್ದರೆ ಅವನು ತಾನು ಹೇಳಿದ್ದೇ ನಿಜ ಅಂದುಕೊಳ್ಳುತ್ತಾನೆ.