ಮೆಷಿನ್ನಿನ ಮರಕ್ಕೆ ಅರಗಿನ ಪಾಲಿಶ್

ತಾರೀಖು ಹತ್ತು, ಭಾನುವಾರ

ಹೊಸದಾಗಿ ಅಜ್ಜಿಯಾದವಳಿಗೆ,

ನಾನು ಚೆನ್ನಾಗಿದ್ದೇನೆ. ಮಗಳು, ಮಗು, ಅಳಿಯ, ನೀನು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬೆರಳಿಗೆಲ್ಲ ಅರಗು ಮೆತ್ತಿಕೊಂಡು, ನಾನು ಬಿಟ್ಟರೂ ಪೆನ್ನು ನನ್ನನ್ನು ಬಿಡುತ್ತಿರಲಿಲ್ಲ.

ಎಲ್ಲಿಯ ಅರಗು ಎನ್ನುತ್ತೀಯ. ನಿಮ್ಮಜ್ಜಿಯ ಕಾಲದ ಹೊಲಿಗೆ ಮೆಷಿನ್ನನ್ನು ಅಟ್ಟದಿಂದ ಇಳಿಸಿದ್ದೇನೆ. ನೀನು ಎಣ್ಣೆ ಸವರಿ ಸುತ್ತಿಟ್ಟಿದ್ದರಿಂದ ಕಬ್ಬಿಣ ಹಾಗೇ ಇದೆ. ಕೆಟ್ಟಿದ್ದು ಮರ. ಜಿಡ್ಡು, ಧೂಳು ಕೂತು ಮುಚ್ಚಳಕ್ಕೆ ಇದ್ದಿಲಿನ ಬಣ್ಣ ಬಂದಿತ್ತು. ನಾನೋ ಮಹಾ ಜಾಣ, ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿಕೊಂಡು ಉಜ್ಜಲು ಕೂತೆ. ಪಕ್ಕದ ಮನೆಯ ಮುದಿ ಬಡಗಿ, ನಮ್ಮ ಉಳಿ ಮಾವ, ಕಾಂಪೌಂಡಿನ ಆಚೆಯಿಂದಲೇ ಕೂಗಿಕೊಂಡ.

“ಏನಯ್ಯಾ ಡ್ರೈವರು, ಬಸ್ ತೊಳೆದ ಹಾಗೆ ತೊಳೀತಿದ್ದೀಯಲ್ಲ! ಅದು ಮರ ಕಣೋ, ತಗಡಲ್ಲ!”

ಅಷ್ಟರಲ್ಲಿ ಅಂಚಿನ ತೆಳು ಪದರ ಉಬ್ಬಿ ಎದ್ದೇಬಿಟ್ಟಿತ್ತು. ಮಾವ ಬೈಯುತ್ತಲೇ ಒಳಗೆ ಬಂದ. ಮರ ಆರಿದ ಮೇಲೆ ಪದರದಡಿ ಅಂಟು ಸವರಿ, ಬಟ್ಟೆ ಹಾಸಿ, ನಮ್ಮ ಇಸ್ತ್ರಿಪೆಟ್ಟಿಗೆಯನ್ನು ಭಾರಕ್ಕೆ ಹೇರಿ, “ಎರಡು ದಿನ ಇದರ ಹತ್ರ ಸುಳಿದೀಯ, ಜೋಕೆ,” ಎಂದು ಹೋದ. ಪುಣ್ಯಕ್ಕೆ ಅಂಟಿಕೊಂಡಿತು.

ಆಮೇಲೆ ಅವನೇ ಗುರು. ಹತ್ತಿಗೆ ಎರಡು ಹನಿ ಎಣ್ಣೆ ಹಾಕಿ ಅಂಗೈಯಗಲ ಜಾಗ ಒರೆಸುವುದು, ಕಪ್ಪಾದ ಹತ್ತಿ ಬಿಸಾಡಿ ಹೊಸದು ತೆಗೆದುಕೊಳ್ಳುವುದು. ನಾಲ್ಕನೇ ದಿನ ಮರದ ಗೆರೆಗಳು ಕಂಡವು. ಜೇನಿನ ಬಣ್ಣ ಕಣೇ! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ. ಬಳಿಕ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹಳೆ ಬನಿಯನ್ನಿನ ಉಂಡೆಯಿಂದ ತೆಳ್ಳಗೆ ಎಳೆಯಬೇಕು. ಕೈ ನಿಂತರೆ ಅಲ್ಲೇ ಗುರುತು ಬೀಳುತ್ತದೆ. ಎಂಟು ಸಲ ಎಳೆದೆ.

“ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ, ಪರವಾಗಿಲ್ಲ ಬಿಡು,” ಎಂದ ಮಾವ. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಹುಟ್ಟುವುದಿಲ್ಲ.

ಮೆಷಿನ್ ಈಗ ಕಿಟಕಿಯ ಪಕ್ಕದಲ್ಲಿದೆ. ಬೆಳಗಿನ ಬಿಸಿಲು ಅದರ ಮೇಲೆ ಬೀಳುವ ಹೊತ್ತಿಗೆ ಚಹಾ ಹಿಡಿದು ಎದುರು ಕೂರುತ್ತೇನೆ. ಚಹಾ ಆರಿದ್ದೂ ಗೊತ್ತಾಗುವುದಿಲ್ಲ.

ಮಗುವಿಗೆ ನನ್ನ ಹಾಗೇ ಅಗಲ ಕಿವಿ ಎಂದು ಬರೆದಿದ್ದೀಯ. ಪಾಪ, ಅದಕ್ಕೆ ಒಳ್ಳೆಯದಾಗಲಿ. ತಾಯಿ ಮಗು ಇಬ್ಬರಿಗೂ ನನ್ನ ಆಶೀರ್ವಾದ.

ಇತಿ ನಿನ್ನವ,
ಡ್ರೈವರು

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ನನಗೆ ರಾತ್ರಿ ಪಾಳಿಯಿದ್ದ ವರ್ಷ, ಹಗಲು ಮಲಗಿದ್ದವನು ಮೆಷಿನ್ನಿನ ಸದ್ದಿಗೆ ಎದ್ದು ಬಂದು, “ನಿನ್ನ ಟಕಟಕಕ್ಕೆ ಬೆಂಕಿ ಬೀಳ!” ಎಂದು ಕಿರುಚಿದೆ. ನೀನು ಒಂದು ಮಾತೂ ಆಡಲಿಲ್ಲ. ಅಂದೇ ಸಂಜೆ, ಬೀದಿಯವರು ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ನೀನೇ ಹೋಗಿ ಹಾಗೇ ಹಿಂದಿರುಗಿಸಿ ಬಂದೆ. ಆಮೇಲೆ ಹದಿನೆಂಟು ವರ್ಷ ಮೆಷಿನ್ನಿನ ಮುಂದೆ ಕೂರಲಿಲ್ಲ. ನಿನಗೇ ಬೇಸರ ಬಂದು ಬಿಟ್ಟೆಯೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ತಪ್ಪು ನನ್ನದು. ಇನ್ನು ಹೊಲಿಯುವುದು, ಬಿಡುವುದು ನಿನ್ನಿಷ್ಟ. ಆದರೆ ಅಂದು ನುಂಗಿಕೊಂಡ ಮಾತನ್ನು ಬಂದ ದಿನವೇ ಅಂದುಬಿಡು. ಈಗ ನನಗೆ ಯಾವ ಪಾಳಿಯೂ ಇಲ್ಲ, ಪೂರ್ತಿ ಕೇಳುತ್ತೇನೆ.