ಕಿರಾಗು ಭಾವ ನೋಡಬೇಕೆಂದ ಮೀನು

ಫೆಬ್ರವರಿ 6, ಮಂಗಳವಾರ

ಮತ್ತೆ ಗಂಟುಮೂಟೆ. ಗಾಳದ ರಾಡ್ ಎರಡು, ಡೇರೆ, ಸೀಮೆಎಣ್ಣೆ ಸ್ಟೋವ್, ಜೋಳದ ಹಿಟ್ಟು, ಚಹಾಪುಡಿ. ಅಕ್ಕ ವಮುಯು ಬೇಯಿಸಿದ ಗೆಣಸನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು, ಬೈಯುತ್ತಲೇ.

"ನಲವತ್ತು ವರ್ಷ ಮೀನು ಹಿಡಿದು ಹಿಡಿದು ನೀರಿಗೇ ಬಿಟ್ಟು ಬಂದ್ರು. ಬಿಡೋದಾದ್ರೆ ಹಿಡಿಯೋದ್ಯಾಕೆ? ಕಣ್ಣು ಹೋಗೋ ಹೊತ್ತಲ್ಲೂ ಅದೇ ಹುಚ್ಚು."

"ಮನೆಗೆ ತಂದಿದ್ರೆ ನೀನು ಒಳಗೆ ಬಿಟ್ಕೊಳ್ತಿದ್ಯಾ?" ಅಂದರು ಭಾವ.

"ಥೂ! ಆ ನೀರುಹಾವನ್ನ ನನ್ನ ಪಾತ್ರೆಗೆ ಹಾಕ್ತೀರಾ? ನಮ್ಮ ಗಿಕುಯು ಜನರ ಮನೆಗಳಲ್ಲಿ ಯಾವಜ್ಜಿ ಮೀನು ಬೇಯಿಸಿದ್ಲು ಹೇಳಿ ನೋಡೋಣ."

ನಕ್ಕೆವು. ಆಮೇಲೆ ಒಳಗೆ ಹೋಗಿ ಅತ್ತಳು. ನನಗೆ ಕೇಳಿಸಿತು. ಭಾವನಿಗೂ ಕೇಳಿಸಿರಬೇಕು.

ನ್ಯೇರಿ ಪೇಟೆಯ ಡಾಕ್ಟರು ಸುತ್ತಿ ಬಳಸದೆ ಹೇಳಿಬಿಟ್ಟಿದ್ದಾರೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದು ಮಳೆಗಾಲದವರೆಗೆ ಉಳಿದರೆ ಪುಣ್ಯ. ಈಗ ಭಾವನಿಗೆ ಲೋಕ ಕಾಣುವುದು ಬೀಗದ ತೂತಿನಿಂದ ಕಂಡಷ್ಟು. ಒಳ್ಳೆ ಬೆಳಕಿನಲ್ಲಿ ಕಣ್ಣಿಗೆ ನೇರ ಹಿಡಿದರೆ ಉಂಟು. ಸ್ವಲ್ಪ ಅತ್ತಿತ್ತ ಆದರೆ ಇಲ್ಲ.

ಅವರಿಗೆ ಬೇಕಾದದ್ದು ಇಷ್ಟೇ. ಮೇಲಿನ ಹೊಳೆಯ ಕಂದು ಟ್ರೌಟ್ ಒಂದನ್ನು ಇನ್ನೊಂದು ಸಲ ಕಣ್ಣಾರೆ ನೋಡಬೇಕು. ಜೀವಂತ. ಆ ಕೆಂಪು ಚುಕ್ಕೆಗಳ ಸಮೇತ.

ಫೆಬ್ರವರಿ 7. ಸಂಜೆ

ಬಿದಿರು ಕಾಡು ದಾಟುವಷ್ಟರಲ್ಲಿ ನನ್ನ ಮಂಡಿ ಸತ್ತೇ ಹೋಯಿತು. ಮೂವತ್ತು ವರ್ಷ ಮಟಾಟು ವ್ಯಾನಿನಲ್ಲಿ ಜನ ತುಂಬಿಕೊಂಡು ಓಡಿಸಿದವನಿಗೆ ನಡೆಯುವುದು ಅಂದರೆ ಶಿಕ್ಷೆ. ಭಾವ ಎಪ್ಪತ್ತರ ಮೇಲೆ. ನನ್ನ ಹೆಗಲು ಹಿಡಿದು, ಎಲ್ಲೂ ಕೂರದೆ ಹತ್ತಿದರು. ಆನೆ, ಕಾಡುಕೋಣದ ಭಯಕ್ಕೆ ಕೋವಿ ಹಿಡಿದ ಫಾರೆಸ್ಟ್ ಗಾರ್ಡ್ ಗಕುರು ಮುಂದೆ. ಬಾಯಿ ಮುಚ್ಚುವ ಜಾತಿಯಲ್ಲ.

"ತಾತ, ಮೀನಿಗೆ ಇಷ್ಟು ದೂರ ಬರ್ಬೇಕಿತ್ತಾ? ಕೆಳಗೆ ಮೀನು ಸಾಕೋ ತೊಟ್ಟಿ ಇದೆಯಲ್ಲ. ಕೂತ್ಕೊಂಡು ನೋಡ್ಬಹುದಿತ್ತು."

"ತೊಟ್ಟೀಲಿರೋದು ರೇನ್‌ಬೋ ಟ್ರೌಟ್. ಅದಕ್ಕೆ ಕೆಂಪು ಚುಕ್ಕೆ ಇಲ್ಲ."

"ಫೋನಲ್ಲಿ ತೋರಿಸ್ಲಾ?"

"ನಿನ್ನ ಹೆಂಡ್ತೀನೂ ಫೋನಲ್ಲೇ ನೋಡ್ತೀಯೇನೋ?"

ಗಕುರು ಬಿದ್ದು ಬಿದ್ದು ನಕ್ಕ. ನನಗೂ ಸ್ವಲ್ಪ ಜೀವ ಬಂತು.

ಡೇರೆ ಹಾಕಿದ್ದಾಯಿತು. ಬಯಲೆಲ್ಲ ಹುಲ್ಲುಗುಪ್ಪೆ, ಮಂಜು. ಚಳಿಗೆ ಪೆನ್ನು ಸರಿಯಾಗಿ ಓಡುತ್ತಿಲ್ಲ.

ಫೆಬ್ರವರಿ 8

ಏನೂ ಇಲ್ಲ.

ಭಾವನನ್ನು ನೀರಿನಲ್ಲಿ ನಿಲ್ಲಿಸಿ, ಹಿಂದಿನಿಂದ ಬೆಲ್ಟ್ ಹಿಡಿದುಕೊಂಡು ನಾನು ದಾರಿ ಹೇಳುವುದು. "ಎಡಕ್ಕೆ, ಬಂಡೆ ಪಕ್ಕ… ಇನ್ನೂ ಸ್ವಲ್ಪ ಉದ್ದ." ಲೈನ್ ಹೋಗಿ ಬೀಳುವುದು ನೋಡಿದರೆ ಕುರುಡ ಅಂತ ಯಾರೂ ಹೇಳಲಾರರು. ಹುಕ್ಕಿಗೆ ಕೋಳಿಗರಿ, ದಾರ ಸುತ್ತಿ ಮಾಡಿದ ಹುಸಿನೊಣ ನೀರಿನ ಮೇಲೆ ಸದ್ದಿಲ್ಲದೆ ಕೂರುತ್ತದೆ. ಮೀನು ಕಚ್ಚಿತೋ ಇಲ್ಲವೋ ಅವರ ಬೆರಳಿಗೇ ಗೊತ್ತಾಗುತ್ತದೆ. ಆದರೆ ಕಚ್ಚಲು ಮೀನು ಬೇಕಲ್ಲ!

ಗಕುರು ಸಿಗರೇಟ್ ಹಚ್ಚಿ ಹೇಳಿದ, "ಹೋದ ವರ್ಷ ಯಾರೋ ಬಲೆ ಹಾಕಿ ಬಾಚ್ಕೊಂಡು ಹೋದ್ರು. ಮರಿ ಸಮೇತ. ನಾವು ಬರೋಷ್ಟರಲ್ಲಿ ಅವ್ರ ಒಲೆ ಬೂದಿ ಮಾತ್ರ ಇತ್ತು."

ಭಾವ ಕೇಳಿಸಿಕೊಂಡರು. ಲೈನ್ ಬೀಸುವುದನ್ನು ನಿಲ್ಲಿಸಲಿಲ್ಲ.

ಫೆಬ್ರವರಿ 9

ಮೇಲಿನ ಮಡುವಿಗೆ ಹೋದೆವು. ಅಲ್ಲೂ ಇಲ್ಲ.

ಮಧ್ಯಾಹ್ನ ನನಗೆ ರೇಗಿಹೋಯಿತು. "ಸಾಕು ಭಾವ, ಮನೆಗೆ ಹೋಗೋಣ. ಇಲ್ಲಿ ಏನೂ ಉಳಿದಿಲ್ಲ."

"ನೀನು ಹೋಗೋ ಮುರೀಥಿ. ನನ್ನ ಇಲ್ಲೇ ಬಿಟ್ಟು ಹೋಗು."

"ಅಕ್ಕ ನನ್ನ ಚರ್ಮ ಸುಲೀತಾಳೆ."

"ಹಾಗಾದ್ರೆ ಬಾಯಿ ಮುಚ್ಕೊಂಡು ಬೆಲ್ಟ್ ಹಿಡ್ಕೋ."

ಹಿಡಿದುಕೊಂಡೆ. ಇನ್ನೇನು ಮಾಡಲಿ? ಈ ಮನುಷ್ಯ ನನಗೆ ರಾಡ್ ಹಿಡಿಯುವುದನ್ನು ಕಲಿಸಿದವರು. ಬಿಳಿಯರಿಗೆ, ಮಂತ್ರಿಗಳಿಗೆ ಎಲ್ಲರಿಗೂ ಇದೇ ಹೊಳೆಯಲ್ಲಿ ಗೈಡ್ ಆಗಿದ್ದವರು. ಫೋಟೋಗೆ ಅಂತ ಯಾರಾದರೂ ಮೀನನ್ನು ಮೇಲೆತ್ತಿದರೆ, ಅವರು ಎಷ್ಟೇ ದೊಡ್ಡವರಿರಲಿ, ಕೈಗೆ ಫಟ್ ಅಂತ ಬೀಳುತ್ತಿತ್ತು. ಮೀನು ನೀರಿನಲ್ಲೇ ಇರಬೇಕು, ಹುಕ್ ತೆಗೆಯಬೇಕು, ಬಿಡಬೇಕು. ಅಷ್ಟೇ. ಅದರಲ್ಲಿ ರಾಜಿ ಇರಲಿಲ್ಲ.

ಈಗ ಚಹಾ ಲೋಟ ಹುಡುಕಲು ನೆಲ ತಡಕುತ್ತಾರೆ. ನನಗೆ ನೋಡಲಾಗುವುದಿಲ್ಲ.

ಫೆಬ್ರವರಿ 11

ನಿನ್ನೆ ಬರೆಯಲಿಲ್ಲ. ಬರೆಯಲು ಏನಿತ್ತು? ಅದೇ ಹೊಳೆ, ಅದೇ ಬರಿಗೈ.

ಇವತ್ತು…

ಐದು ಗಂಟೆ ಸುಮಾರಿಗೆ ಮೋಡ ಸರಿದು ಬಿಸಿಲು ಬಿತ್ತು. ಕೆಳಗಿನ ತಿರುವಿನಲ್ಲಿ ಕೊನೆಯ ಸಲ ಅಂತ ನಿಂತಿದ್ದೆವು. ಭಾವನ ಬೆನ್ನು ಒಮ್ಮೆಲೇ ಬಿಗಿಯಾಯಿತು.

"ಇದೆ," ಅಂದರು. ಮೆಲ್ಲಗೆ.

ಲೈನ್ ನೀರನ್ನು ಸೀಳಿಕೊಂಡು ಓಡಿತು. ನಾನು ಅವರ ಪಕ್ಕಕ್ಕೆ ಬಂದು ಕಿರುಚಿದೆ, ಗಕುರು ಕೋವಿ ಬಿಟ್ಟು ಓಡಿಬಂದ. ಭಾವ ಮಾತ್ರ ಅವಸರ ಮಾಡಲಿಲ್ಲ. ಬಿಟ್ಟರು, ಎಳೆದರು, ಮತ್ತೆ ಬಿಟ್ಟರು. ಅವರ ಮುಖ! ಮದುವೆ ದಿನ ನೋಡಿದ್ದೆ ಆ ಮುಖವನ್ನು. ಬಗ್ಗಿದರು, ಎಡಗೈಯನ್ನು ಮೀನಿನ ಹೊಟ್ಟೆಯ ಕೆಳಗೆ ಜಾರಿಸಿದರು, ಬಲಗೈ ತಾನಾಗಿಯೇ ಹುಕ್ಕಿನ ಹತ್ತಿರ ಹೋಗಿ ಒಮ್ಮೆ ತಿರುಗಿತು.

"ಎತ್ತಿ ಭಾವಾ! ಮೇಲೆ ಎತ್ತಿ ನೋಡಿ!"

ಎಡಗೈ ತೆರೆದುಕೊಂಡಿತು. ನೀರು ಒಂದು ಸಲ ಅಲುಗಿತು. ಅಷ್ಟೇ.

ಅವರು ಹಾಗೇ ಬಗ್ಗಿ, ಖಾಲಿ ಕೈಯನ್ನು ಕಣ್ಣಿನ ಹತ್ತಿರ ತಂದರು. ಹುಡುಕಿದರು. ಕೈ ತಿರುಗಿಸಿ ಮತ್ತೆ ಹುಡುಕಿದರು.

"ಎಲ್ಲಿ?"

"ಬಿಟ್ರಲ್ಲ ಭಾವ."

"ಯಾರು ಬಿಟ್ಟಿದ್ದು?"

ಗಕುರು ಮುಖ ಆ ಕಡೆ ತಿರುಗಿಸಿದ. ಅಷ್ಟರಲ್ಲಿ ಅವರಿಗೇ ಗೊತ್ತಾಯಿತು. ನೀರಿನಲ್ಲೇ ಕುಕ್ಕರಿಸಿದರು. ಎಬ್ಬಿಸಲು ಇಬ್ಬರು ಬೇಕಾಯಿತು.

ಫೆಬ್ರವರಿ 12, ಬೆಳಿಗ್ಗೆ

ಬೆಟ್ಟದ ಮೇಲೆ ಮಳೆ ಸುರಿದಿದೆ. ಹೊಳೆ ಕೆಂಪು ರಾಡಿ. ವಾರದವರೆಗೆ ತಿಳಿಯಾಗುವುದಿಲ್ಲ ಅಂತಾನೆ ಗಕುರು. ಅವನ ಪಾಳಿಯೂ ಮುಗಿಯಿತು, ನಮ್ಮ ಹಿಟ್ಟೂ ಮುಗಿಯಿತು. ಡೇರೆ ಕಿತ್ತಿದ್ದೇವೆ.

ಇನ್ನೊಂದು ಸಲ ಬರೋಣ ಅಂತ ಯಾರೂ ಹೇಳಲಿಲ್ಲ.

ಭಾವ ಗಂಟಿನ ಮೇಲೆ ಕೂತಿದ್ದಾರೆ. ಮುಖ ಹೊಳೆಯ ಕಡೆಗಲ್ಲ, ಸುಮ್ಮನೆ ಎತ್ತಲೋ. ಆಗಲೇ ಕರೆದರು.

"ಮುರೀಥಿ, ನೀನು ಪಕ್ಕದಲ್ಲೇ ಇದ್ಯಲ್ಲ. ನೋಡಿದ್ಯಲ್ಲ?"

"ನೋಡ್ದೆ."

"ಹೇಳು ಮತ್ತೆ. ಹೇಗಿತ್ತು?"

ಹೊಟ್ಟೆ ಹಳದಿ, ಬೆನ್ನು ಕಂದು, ಪಕ್ಕದಲ್ಲಿ ಕೆಂಪು ಚುಕ್ಕೆ ಅಂದೆ. ತಲೆದೂಗಿದರು. ಚುಕ್ಕೆಯ ಸುತ್ತ ಬಿಳಿ ಬಳೆ ಇತ್ತಾ ಅಂದರು. ಇತ್ತು ಅಂದೆ. ಗಾಢವಾಗಿತ್ತಾ, ತೆಳುವಾಗಿತ್ತಾ? ಗಾಢ ಅಂದೆ. ಭಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಖುಷಿಯಾದಂತೆ ಕಂಡಿತು.

ನಾನು ಮೀನನ್ನು ನೋಡಲೇ ಇಲ್ಲ. ಅಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತಿದ್ದೆ. ಗಕುರು ದಡದಲ್ಲಿದ್ದ, ಅವನಿಗೂ ಕಂಡಿಲ್ಲ. ಆ ಮೀನನ್ನು ಯಾರೂ ನೋಡಿಲ್ಲ.

ಮತ್ತೆ ಕರೆಯುತ್ತಿದ್ದಾರೆ. ಬಾಲದ ಹತ್ತಿರದ ಚುಕ್ಕೆಗಳ ಬಗ್ಗೆ ನಾನು ಹೇಳಲೇ ಇಲ್ಲವಂತೆ, ಅಲ್ಲಿ ಅವು ಹೇಗಿದ್ದವು ಅಂತ ಕೇಳುತ್ತಿದ್ದಾರೆ.