ಅಡುಗೆಮನೆಯ ಬಾಗಿಲು

ಮಾರ್ಚ್ ೧೪, ತಿಕೋಟಾ. ರಾತ್ರಿ ಎರಡೂವರೆ.

ಅಂಗಳದ ನೆಲದೊಳಗಿನ ನೀರಿನ ಟಾಕಿಗೆ ಮುಚ್ಚಿದ ತಗಡಿನ ಮೇಲೆ ನಾಯಿ ಓಡಿದ ಸದ್ದಿಗೆ ಎಚ್ಚರವಾಯಿತು. ಮಗಳು ಪಕ್ಕದಲ್ಲೇ ಮಲಗಿ ನಿದ್ದೆ ಮಾಡುತ್ತಿದ್ದಾಳೆ. ನನಗೆ ಮತ್ತೆ ನಿದ್ದೆ ಹತ್ತುತ್ತಿಲ್ಲ.

ಹೊಸ ಅಡುಗೆಮನೆಯ ನಕ್ಷೆ ಬರೆದವಳು ನಾನೇ. ಗಾಳಿ ಬರಲೆಂದು ಬಾಗಿಲನ್ನು ಈಶಾನ್ಯಕ್ಕೆ ಸರಿಸಿದೆ. ಟಾಕಿ ಅಲ್ಲಿಂದ ಮೂರೇ ಹೆಜ್ಜೆ. ಮಗಳು ನಿನ್ನೆ ಮೊದಲ ಸಲ ಐದು ಹೆಜ್ಜೆ ನಡೆದಳು.

ಬಾಗಿಲು ಬೇರೆ ಕಡೆ ಇಡೋಣವೆಂದರೆ ಅತ್ತೆ ನಕ್ಕರು. "ಓದಿದಾಕಿ, ದಿನಕ್ಕೊಂದ್ ನಕ್ಷೆ ತಗೀತಿ. ಟಾಕಿಗೆ ತಗಡ ಮುಚ್ಚೇವಲ್ಲ ಬೇ?" ನೀರು ಸೇದಿದ ಮೇಲೆ ಅದನ್ನು ಮುಚ್ಚುವವರು ಯಾರು?

ಬೆಳಿಗ್ಗೆ ಆರಕ್ಕೆ ಗೋಡೆ ಕಟ್ಟುವ ಗವಂಡಿ ಬಂದು, ಪೂಜೆ ಮಾಡಿಸಿ ಬಾಗಿಲ ಚೌಕಟ್ಟು ನಿಲ್ಲಿಸುತ್ತಾನೆ. ಪೂಜೆಯಾದ ಚೌಕಟ್ಟನ್ನು ಈ ಮನೆಯಲ್ಲಿ ಕೀಳುವುದಿಲ್ಲ.

ಮಾರಲು ಒಣದ್ರಾಕ್ಷಿ ಒಯ್ದು ಸಾಂಗಲಿಯಲ್ಲಿರುವ ಇವರ ಫೋನ್ ಹತ್ತುತ್ತಿಲ್ಲ. ಅತ್ತೆ ಕೇಳುವುದು ಮಗನ ಮಾತನ್ನು ಮಾತ್ರ. ರೀ, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡ್ರಿ. ನನಗಲ್ಲ, ನಿಮ್ಮ ಅವ್ವಗ ಮಾಡಿ, ಬಾಗಿಲಾ ಬ್ಯಾರೆ ಕಡೆ ಇಡ್ಸಂತ ಹೇಳ್ರಿ.